ಗ್ಲಾಕೋಮಾ ಇರುವ ಅಪ್ಪನಿಗೆ ಯಾವ ಯಂತ್ರ, ಯಾವ ಆ್ಯಪ್ ನಿಜಕ್ಕೂ ಬೇಕು?

ಪ್ರಶ್ನೆ: ಡಾಕ್ಟ್ರೇ, ನನ್ನ ತಂದೆಗೆ 68 ವರ್ಷ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಮ್ಮನ ಜೊತೆ ಇದ್ದಾರೆ. ಮೂರು ವರ್ಷದ ಹಿಂದೆ ಎರಡೂ ಕಣ್ಣಿಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಸವೆಯುವ ಕಾಯಿಲೆ, ಇದೆ ಎಂದು ಗೊತ್ತಾಯಿತು. ಎರಡು ಬಗೆಯ ಡ್ರಾಪ್ಸ್ ಹಾಕುತ್ತಾರೆ. ಮೂರು-ನಾಲ್ಕು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ತೋರಿಸುತ್ತಾರೆ. ಈಚೆಗೆ ನನ್ನ ಮನೆಗೆ ಬೆಂಗಳೂರಿಗೆ ಬಂದಾಗ ಇಲ್ಲಿ ಒಸಿಟಿ ಎಂಬ ಕಣ್ಣಿನ ಸ್ಕ್ಯಾನ್ ಮಾಡಿಸಿದೆ. ಹುಬ್ಬಳ್ಳಿಯ ವರದಿಯಲ್ಲಿ ನರದ ಪದರದ ಸರಾಸರಿ ದಪ್ಪ 78 ಇತ್ತು. ಇಲ್ಲಿ 71 ಬಂದಿದೆ, ಕೆಂಪು ಬಣ್ಣವೂ ಇದೆ. ಆದರೆ ಕಣ್ಣಿನ ಪ್ರೆಶರ್ 15 ಇದೆ, ಚೆನ್ನಾಗಿದೆ ಎನ್ನುತ್ತಾರೆ. ಯಾವುದನ್ನು ನಂಬುವುದು? ಮನೆಯಲ್ಲೇ ಪ್ರೆಶರ್ ನೋಡುವ ಯಂತ್ರ ತರಿಸಲೇ? ಎಐ, ಆ್ಯಪ್ ಅಂತ ಬಹಳ ಓದುತ್ತೇನೆ, ಅವುಗಳಿಂದ ಉಪಯೋಗ ಇದೆಯೇ? ನನಗೆ ಈಗ 41. ದೂರದ್ದು ಕಾಣಲು ಮೈನಸ್ ಕನ್ನಡಕ ಇತ್ತು, ಹಿಂದೆ ಕನ್ನಡಕ ಬಿಡಿಸುವ ಲೇಸಿಕ್ ಆಪರೇಷನ್ ಮಾಡಿಸಿದ್ದೇನೆ. ನಾನೂ ತೋರಿಸಬೇಕೇ?

ಉತ್ತರ: ಮೊದಲು 78 ಮತ್ತು 71ರ ವಿಷಯ ಮುಗಿಸೋಣ. ನಿಮ್ಮ ಗಾಬರಿಯೆಲ್ಲ ಅಲ್ಲಿಂದಲೇ ಶುರುವಾದ ಹಾಗಿದೆ.

ಒಸಿಟಿ ಯಂತ್ರ ಬೆಳಕನ್ನು ಬಳಸಿ ಕಣ್ಣಿನ ಹಿಂಭಾಗದ ಪದರಗಳನ್ನು ಅಳೆಯುತ್ತದೆ. 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫುಜಿಮೊಟೊ ಮತ್ತು ಅವರ ಜೊತೆಗಾರರು ಇದನ್ನು ಜಗತ್ತಿಗೆ ತೋರಿಸಿದರು. ಅದು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ. ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು. ಇಷ್ಟು ಸಣ್ಣ ಅಳತೆಯಲ್ಲಿ ಒಂದೇ ಯಂತ್ರ ಒಂದೇ ಕಣ್ಣನ್ನು ಎರಡು ಸಲ ನೋಡಿದರೂ ನಾಲ್ಕೈದು ಮೈಕ್ರಾನ್ ಹೆಚ್ಚುಕಡಿಮೆ ಆಗಬಹುದು. ಯಂತ್ರವೇ ಬೇರೆ ಕಂಪನಿಯದಾದರೆ ವ್ಯತ್ಯಾಸ ಇನ್ನೂ ಜಾಸ್ತಿ. ಪದರ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಗುರುತಿಸುವುದರಲ್ಲಿ ಒಂದೊಂದು ಕಂಪನಿಯ ಸಾಫ್ಟ್‌ವೇರ್‌ದು ಒಂದೊಂದು ದಾರಿ. ಹಾಗಾಗಿ ಹುಬ್ಬಳ್ಳಿಯ 78 ಮತ್ತು ಬೆಂಗಳೂರಿನ 71 ಬೇರೆ ಬೇರೆ ಯಂತ್ರದ್ದಾಗಿದ್ದರೆ, ಒಂದರಿಂದ ಇನ್ನೊಂದನ್ನು ಕಳೆದು "ಏಳು ಮೈಕ್ರಾನ್ ಹೋಯಿತು" ಎಂದು ಹೇಳಲು ಬರುವುದಿಲ್ಲ. ವರದಿಯ ಮೇಲೆ ಅಥವಾ ಕೆಳಗಿನ ಅಂಚಿನಲ್ಲಿ ಯಂತ್ರದ ಹೆಸರು ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಾಗೆಯೇ ಸಿಗ್ನಲ್ ಎಷ್ಟು ಬಂದಿದೆ ಎಂಬ ಅಂಕಿಯನ್ನೂ ನೋಡಿ. ಕಣ್ಣು ಒಣಗಿದ್ದರೆ, ಪೊರೆ ಇದ್ದರೆ ಸಿಗ್ನಲ್ ಕಡಿಮೆಯಾಗುತ್ತದೆ. ಆಗ ಪದರ ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ. 68ರ ವಯಸ್ಸಿನಲ್ಲಿ ಸ್ವಲ್ಪ ಪೊರೆ ಇಲ್ಲದವರು ಕಡಿಮೆ.

ಕೆಂಪು ಬಣ್ಣದ ಅರ್ಥವೂ ಇಷ್ಟೇ. ಯಂತ್ರದೊಳಗೆ ಆರೋಗ್ಯವಂತರ ಅಳತೆಗಳ ಒಂದು ಪಟ್ಟಿ ಇರುತ್ತದೆ. ನಿಮ್ಮ ತಂದೆಯ ವಯಸ್ಸಿನವರಲ್ಲಿ ಇಷ್ಟು ತೆಳ್ಳಗೆ ಇರುವವರು ತೀರಾ ಕಡಿಮೆ ಎಂದು ಕೆಂಪು ಹೇಳುತ್ತದೆ. ಕಾಯಿಲೆ ಹೆಚ್ಚಾಯಿತು ಎಂದು ಅದು ಹೇಳುವುದಿಲ್ಲ. ಮೂರು ವರ್ಷದಿಂದ ಗ್ಲಾಕೋಮಾ ಇರುವ ಕಣ್ಣಿನಲ್ಲಿ ಕೆಂಪು ಇರುವುದು ಸಹಜ. ಹುಬ್ಬಳ್ಳಿಯ ಹಳೆಯ ವರದಿಯಲ್ಲೂ ಕೆಂಪು ಇದ್ದಿರಬಹುದು, ತೆಗೆದು ನೋಡಿ.

ಗ್ಲಾಕೋಮಾದಲ್ಲಿ ಒಂದು ದಿನದ ಅಳತೆಗೆ ಬೆಲೆ ಕಡಿಮೆ. ವರ್ಷಗಳ ಅಳತೆ ಒಂದರ ಪಕ್ಕ ಒಂದು ಕೂತಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ಈ ಕಾಯಿಲೆಗೆ ಬಂದಿರುವ ಯಾವ ತಂತ್ರಜ್ಞಾನವನ್ನೇ ನೋಡುವಾಗಲೂ ನಾನು ಕೇಳಿಕೊಳ್ಳುವುದು ಒಂದೇ: ಇದು ಅಳತೆಗಳ ಆ ಸಾಲನ್ನು ಉದ್ದ ಮಾಡುತ್ತದೆಯೋ, ತುಂಡು ಮಾಡುತ್ತದೆಯೋ? ಬೇರೆ ಊರಿನಲ್ಲಿ, ಬೇರೆ ಯಂತ್ರದಲ್ಲಿ ಮಾಡಿಸಿದ ಒಂದು ಒಸಿಟಿ ಸಾಲನ್ನು ತುಂಡು ಮಾಡುತ್ತದೆ. ಮೊದಲಿನ ಯಂತ್ರದಲ್ಲೇ ವರ್ಷಕ್ಕೊಮ್ಮೆ ಮಾಡಿಸಿದರೆ ಅದೇ ಯಂತ್ರದ ಸಾಫ್ಟ್‌ವೇರ್ ಹಳೆಯದು ಹೊಸದು ಕೂಡಿಸಿ ಗೆರೆ ಎಳೆದು ತೋರಿಸುತ್ತದೆ. ಬೆಂಗಳೂರಿನ ಯಂತ್ರ ಹೊಸದು, ಆಸ್ಪತ್ರೆ ದೊಡ್ಡದು ಅಂತ ಇಲ್ಲಿಗೆ ಕರೆತರುವ ಆಸೆ ನಿಮಗೆ ಬರುವುದು ಸಹಜ. ಈಗಿರುವ ಡಾಕ್ಟರ ಮೇಲೆ ನಂಬಿಕೆ ಇದ್ದರೆ ಹುಬ್ಬಳ್ಳಿಯನ್ನು ಬಿಡಿಸಬೇಡಿ.

ಇನ್ನು ಪ್ರೆಶರ್ 15. ಸಾಮಾನ್ಯ ಕಣ್ಣಿನ ಒತ್ತಡ 10ರಿಂದ 21ರ ನಡುವೆ ಇರುತ್ತದೆ ಎಂದು ಎಲ್ಲರೂ ಓದಿರುತ್ತಾರೆ. ಆದರೆ ಗ್ಲಾಕೋಮಾ ಇರುವವರಿಗೆ ಆ 21 ಗಡಿಯಲ್ಲ. ಒಬ್ಬರ ನರಕ್ಕೆ 18 ಸಾಕು, ಇನ್ನೊಬ್ಬರ ನರ 15ಕ್ಕೂ ಸವೆಯುತ್ತದೆ, ಅವರಿಗೆ 12 ಬೇಕು. ನಿಮ್ಮ ತಂದೆಗೆ ಎಷ್ಟಿರಬೇಕು ಎಂಬ ಗುರಿಯನ್ನು ಅವರ ಡಾಕ್ಟರು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಮುಂದಿನ ಸಲ ಹೋದಾಗ ಕೇಳಿ ಬರೆದುಕೊಳ್ಳಿ. "ಪ್ರೆಶರ್ ಎಷ್ಟಿದೆ" ಎಂದು ಎಲ್ಲರೂ ಕೇಳುತ್ತಾರೆ, "ಎಷ್ಟಿರಬೇಕು" ಎಂದು ಯಾರೂ ಕೇಳುವುದಿಲ್ಲ.

ಅಲ್ಲದೆ ಪ್ರೆಶರ್ ದಿನವಿಡೀ ಒಂದೇ ರೀತಿ ಇರುವುದಿಲ್ಲ. ಮಲಗಿದಾಗ ಏರುತ್ತದೆ. ಬಹಳ ಜನರಲ್ಲಿ ರಾತ್ರಿ ಅಥವಾ ಬೆಳಗಿನ ಜಾವ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ. ನಾವು ನೋಡುವುದು ಹಗಲು ಹೊತ್ತಿನಲ್ಲಿ, ಕೂತಿರುವಾಗ. ಮೂರು ತಿಂಗಳಿಗೊಮ್ಮೆ ಹೀಗೆ ನೋಡಿ ಎಲ್ಲ ಸರಿಯಿದೆ ಅನ್ನುವುದು, ಮುಂಗಾರಿನಲ್ಲಿ ಒಂದೇ ದಿನ ಅಂಗಳಕ್ಕಿಳಿದು ಈ ವರ್ಷ ಮಳೆ ಹೇಗೆ ಅಂತ ಹೇಳಿದ ಹಾಗೆ. ಮನೆಯಲ್ಲಿ ಪ್ರೆಶರ್ ನೋಡುವ ಯಂತ್ರ ಹುಟ್ಟಿದ್ದೇ ಈ ಕಾರಣಕ್ಕೆ.

ಫಿನ್‌ಲ್ಯಾಂಡಿನ ಐಕೇರ್ ಕಂಪನಿಯ ಹೋಮ್ ಎಂಬ ಯಂತ್ರ ಇದರಲ್ಲಿ ಹೆಸರಾದದ್ದು. ಅಮೆರಿಕದಲ್ಲಿ 2017ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಹಣೆಗೂ ಕೆನ್ನೆಗೂ ಆನಿಸಿ ಹಿಡಿದುಕೊಂಡರೆ, ತುದಿಯಲ್ಲಿ ಪ್ಲಾಸ್ಟಿಕ್ ಗುಂಡು ಇರುವ ತೆಳ್ಳನೆಯ ಕಡ್ಡಿಯೊಂದು ಮುಂದೆ ಬಂದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಮುಟ್ಟಿ ಹಿಂದಕ್ಕೆ ಹೋಗುತ್ತದೆ. ಹೇಗೆ ಪುಟಿಯಿತು ಎಂಬುದರ ಮೇಲೆ ಯಂತ್ರ ಪ್ರೆಶರ್ ಲೆಕ್ಕ ಹಾಕುತ್ತದೆ. ಮುಟ್ಟಿದ್ದು ಗೊತ್ತೇ ಆಗುವುದಿಲ್ಲ, ಮರಗಟ್ಟಿಸುವ ಡ್ರಾಪ್ಸ್ ಬೇಡ. ಅದರ ನಂತರ ಬಂದ ಹೋಮ್ 2ರಲ್ಲಿ ಮಲಗಿಕೊಂಡೂ ನೋಡಬಹುದು. ಆಸ್ಪತ್ರೆಯಲ್ಲಿ ನೀಲಿ ಬೆಳಕು ಬಿಟ್ಟು, ಹಳದಿ ಬಣ್ಣ ಹಾಕಿ ನೋಡುತ್ತಾರಲ್ಲ, ಗೋಲ್ಡ್‌ಮನ್ ಟೋನೋಮೀಟರ್, ಅದಕ್ಕೂ ಇದಕ್ಕೂ ಕೆಲವು ಅಂಕಿ ಆಚೀಚೆ ಆಗುತ್ತದೆ. ಏರಿಳಿತದ ಅಂದಾಜಿಗೆ ಅಷ್ಟು ಸಾಕು.

ಹಾಗಾದರೆ ತರಿಸಬಹುದಲ್ವಾ? ನಿಮ್ಮ ತಂದೆಗೆ ಬೇಡ ಎಂದೇ ನನ್ನ ಅಭಿಪ್ರಾಯ. ಬೆಲೆ ಲಕ್ಷದ ಮೇಲೆ. ಪ್ರತಿ ಸಲವೂ ಬಿಸಾಡುವ ಕಡ್ಡಿ ಬೇರೆ ಕೊಳ್ಳಬೇಕು. ಕೈ ನಡುಗಬಾರದು, ನೆಟ್ಟಗೆ ಹಿಡಿಯಲು ಕಣ್ಣು ತಕ್ಕಮಟ್ಟಿಗೆ ಕಾಣಬೇಕು. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ದಿನಾ ಅಂಕಿ ನೋಡುವವರು ಅಂಕಿಗೆ ತಕ್ಕಂತೆ ಔಷಧಿ ಬದಲಿಸಲು ಶುರು ಮಾಡುತ್ತಾರೆ. 13 ಬಂದರೆ ರಾತ್ರಿಯ ಡ್ರಾಪ್ಸ್ ಬಿಡುವುದು, 19 ಬಂದರೆ ಎರಡು ಹನಿ ಹಾಕುವುದು. ಹಾಗೆ ಮಾಡಬಾರದು. ಆಸ್ಪತ್ರೆಯಲ್ಲಿ ಪ್ರೆಶರ್ ಸರಿ ಇದ್ದೂ ದೃಷ್ಟಿ ಕುಗ್ಗುತ್ತಾ ಹೋಗುವವರಿಗೆ ಮಾತ್ರ ಈ ಯಂತ್ರ ನಿಜವಾಗಿ ಕಣ್ಣು ಉಳಿಸುತ್ತದೆ. ಅಂಥವರಲ್ಲಿ ಬೆಳಗಿನ ಜಾವದ ಏರಿಕೆ ಇದರಿಂದ ಗೊತ್ತಾಗುತ್ತದೆ, ಚಿಕಿತ್ಸೆ ಬದಲಾಗುತ್ತದೆ. ನಿಮ್ಮ ಡಾಕ್ಟರಿಗೆ ಆ ಅನುಮಾನ ಬಂದರೆ, ಯಂತ್ರವನ್ನು ಕೆಲವು ದಿನಕ್ಕೆ ಎರವಲು ಕೊಡುವ ವ್ಯವಸ್ಥೆ ಎಲ್ಲಾದರೂ ಇದೆಯೇ ಎಂದು ಅವರನ್ನೇ ಕೇಳಿ. ಕೊಳ್ಳುವ ಅಗತ್ಯ ಆಗಲೂ ಇಲ್ಲ.

ಇದರ ಮುಂದಿನ ಹೆಜ್ಜೆಗಳೂ ಇವೆ. 24 ಗಂಟೆ ಕಣ್ಣಿನಲ್ಲೇ ಇದ್ದು ಏರಿಳಿತ ದಾಖಲಿಸುವ ಸ್ವಿಟ್ಜರ್‌ಲ್ಯಾಂಡಿನ ಟ್ರಿಗರ್‌ಫಿಶ್ ಎಂಬ ಕಾಂಟ್ಯಾಕ್ಟ್ ಲೆನ್ಸ್ ಒಂದು, ಪೊರೆ ಆಪರೇಷನ್ ಮಾಡುವಾಗ ಒಳಗೇ ಕೂರಿಸುವ ಜರ್ಮನಿಯ ಸೆನ್ಸರ್ ಇನ್ನೊಂದು. ಓದಲು ಚೆನ್ನಾಗಿವೆ. ನಿಮ್ಮ ಮನೆಯ ಮಟ್ಟಿಗೆ ಈಗ ಅವುಗಳ ಯೋಚನೆ ಬೇಡ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಡ್ರಾಪ್ಸ್.

ಅಮೆರಿಕದಲ್ಲಿ 2009ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 196 ಜನ ಗ್ಲಾಕೋಮಾ ರೋಗಿಗಳಿಗೆ ಔಷಧಿ ಉಚಿತವಾಗಿ ಕೊಟ್ಟರು. ಹನಿ ಹಾಕಿದ ಪ್ರತಿ ಸಲವೂ ದಿನ, ಗಂಟೆ ದಾಖಲಾಗುವ ಸಾಧನವನ್ನೂ ಕೊಟ್ಟರು. ತಮ್ಮನ್ನು ಗಮನಿಸುತ್ತಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಸುಮಾರು 45% ಜನ ಹಾಕಬೇಕಾದ ಹನಿಗಳಲ್ಲಿ ಮುಕ್ಕಾಲು ಪಾಲನ್ನೂ ಹಾಕಲಿಲ್ಲ. ಕೇಳಿದರೆ ಮಾತ್ರ "ತಪ್ಪದೆ ಹಾಕುತ್ತೇನೆ" ಎನ್ನುವ ಉತ್ತರ. ಅವರು ಸುಳ್ಳು ಹೇಳುತ್ತಿರಲಿಲ್ಲ. ತಪ್ಪಿದ ದಿನ ನೆನಪಿನಲ್ಲಿ ಉಳಿಯುವುದಿಲ್ಲ. ನೋವಿಲ್ಲ, ಉರಿಯಿಲ್ಲ, ಒಂದು ವಾರ ಬಿಟ್ಟರೂ ಕಣ್ಣಿಗೆ ಏನೂ ಆದ ಹಾಗೆ ಅನಿಸುವುದಿಲ್ಲ. ಇನ್ನು ಡಾಕ್ಟರ ಹತ್ತಿರ ಹೋಗುವ ವಾರ ಎಲ್ಲರೂ ಶಿಸ್ತಾಗಿ ಹಾಕುತ್ತಾರೆ. ಆ ದಿನದ ಪ್ರೆಶರ್ 15 ಬರುತ್ತದೆ. ಉಳಿದ ದಿನಗಳ ಪ್ರೆಶರ್ ಯಾರಿಗೂ ಗೊತ್ತಿಲ್ಲ.

ಆದ್ದರಿಂದ ನೀವು ಮೊದಲು ಹಾಕಬೇಕಾದ "ಯಂತ್ರ" ಹನಿಯ ಲೆಕ್ಕದ್ದು. ಅದಕ್ಕೆ ದುಡ್ಡು ಬೇಕಿಲ್ಲ. ರಾತ್ರಿಯ ಬಾಟಲಿ ಸಾಮಾನ್ಯವಾಗಿ 2.5 ಅಥವಾ 3 ಮಿಲಿಯದ್ದು. ಎರಡೂ ಕಣ್ಣಿಗೆ ದಿನಕ್ಕೊಂದು ಹನಿ ಹಾಕಿದರೆ ಹೆಚ್ಚುಕಡಿಮೆ ಒಂದು ತಿಂಗಳಿಗೆ ಮುಗಿಯುತ್ತದೆ. ಮುಗಿಯದಿದ್ದರೂ ತೆರೆದು ನಾಲ್ಕರಿಂದ ಆರು ವಾರಕ್ಕೆ ಬಿಸಾಡಬೇಕು. ಮೆಡಿಕಲ್ ಶಾಪ್‌ನ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿ ನೋಡಿ. ಒಂದು ಬಾಟಲಿ ಎರಡೂವರೆ ತಿಂಗಳು ಬಂದಿದ್ದರೆ ಹನಿ ಕಣ್ಣಿಗೆ ಹೋಗುತ್ತಿಲ್ಲ. ಹದಿನೈದೇ ದಿನಕ್ಕೆ ಖಾಲಿಯಾಗಿದ್ದರೆ ಹನಿ ಕೆನ್ನೆಗೆ ಹೋಗುತ್ತಿದೆ. ಯಾವ ಆ್ಯಪ್ ಕೂಡ ಇಷ್ಟು ಸ್ಪಷ್ಟವಾಗಿ ಹೇಳಲಾರದು. ಹೊಸ ಬಾಟಲಿ ತೆರೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆದು ಫೋಟೋ ಕಳಿಸಿ ಅಂತ ಅಮ್ಮನಿಗೆ ಹೇಳಿ. ಆ ಫೋಟೋಗಳೇ ನಿಮ್ಮ ದಾಖಲೆ.

ನೆನಪಿಸುವ ಕೆಲಸಕ್ಕೆ ಮೊಬೈಲ್ ನಿಜಕ್ಕೂ ಒಳ್ಳೆಯದು. 2014ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ, ಹನಿ ತಪ್ಪಿಸುತ್ತಿದ್ದವರಿಗೆ ದಿನಾ ಫೋನು ಅಥವಾ ಮೆಸೇಜ್ ಮೂಲಕ ತಾನಾಗಿಯೇ ನೆನಪಿಸುವ ವ್ಯವಸ್ಥೆ ಮಾಡಿದರು. ಹಾಕುವ ಪ್ರಮಾಣ 53%ನಿಂದ 64%ಗೆ ಏರಿತು. ಪೂರ್ತಿ ಪರಿಹಾರ ಅಲ್ಲ, ಆದರೆ ಒಂದು ಮೆಸೇಜಿಗೆ ಇಷ್ಟು ಫಲ ಸಿಗುವುದು ಸಣ್ಣ ಮಾತಲ್ಲ. ಗ್ಲಾಕೋಮಾಕ್ಕೆಂದೇ ಆ್ಯಪ್‌ಗಳಿವೆ, ಹೆಚ್ಚಿನವು ಇಂಗ್ಲಿಷಿನಲ್ಲಿವೆ. ನಿಮ್ಮ ತಂದೆಗೆ ಕೀಪ್ಯಾಡ್ ಫೋನಿನ ಅಲಾರಾಂ ಸಾಕು. ರಾತ್ರಿ ಊಟ, ಬಿಪಿ ಮಾತ್ರೆ, ಟಿವಿ ವಾರ್ತೆ, ಹೀಗೆ ತಪ್ಪದೆ ನಡೆಯುವ ಒಂದು ಕೆಲಸದ ಹೊತ್ತಿಗೆ ಅಲಾರಾಂ ಇಡಿ. ಹಾಕಿದ ಮೇಲೆ ಅಮ್ಮ ವಾಟ್ಸ್‌ಆ್ಯಪ್‌ನಲ್ಲಿ ಒಂದು ಟಿಕ್ ಕಳಿಸಲಿ. ಒಂದು ತಿಂಗಳು ಹೀಗೆ ಮಾಡಿದರೆ ರೂಢಿಯಾಗುತ್ತದೆ.

ಹನಿ ಹೇಗೆ ಹಾಕುತ್ತಾರೆ ಎಂಬುದನ್ನು ಒಂದು ಸಲ ವಿಡಿಯೋ ಕಾಲ್‌ನಲ್ಲಿ ನೋಡಿ. ನಾನು ಒಪಿಡಿಯಲ್ಲಿ ರೋಗಿಗಳ ಕೈಗೆ ಬಾಟಲಿ ಕೊಟ್ಟು "ಹಾಕಿ ತೋರಿಸಿ" ಎನ್ನುತ್ತೇನೆ. ಬಹಳ ಜನ ಬಾಟಲಿಯ ತುದಿಯನ್ನು ರೆಪ್ಪೆಗೆ ತಾಗಿಸುತ್ತಾರೆ, ಹನಿ ಮೂಗಿನ ಪಕ್ಕ ಬೀಳುತ್ತದೆ, ಇನ್ನೆರಡು ಹಾಕುತ್ತಾರೆ, ಆಮೇಲೆ ಕಣ್ಣು ಪಟಪಟ ಬಡಿಯುತ್ತಾರೆ. ಸರಿಯಾದ ಕ್ರಮ ಹೀಗೆ. ತಲೆ ಹಿಂದಕ್ಕೆ ಬಾಗಿಸಿ, ಅಥವಾ ಮಂಚದ ಮೇಲೆ ಮಲಗಿ. ಕೆಳರೆಪ್ಪೆ ಎಳೆದು ಚೀಲದ ಹಾಗೆ ಮಾಡಿ ಒಂದೇ ಹನಿ ಬಿಡಿ. ಕಣ್ಣಿನಲ್ಲಿ ಒಂದು ಹನಿಗಿಂತ ಜಾಸ್ತಿ ನಿಲ್ಲುವುದಿಲ್ಲ. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಕಡೆಯ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಆಗ ಔಷಧಿ ಗಂಟಲಿಗೆ, ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಎರಡನೇ ಬಾಟಲಿಯನ್ನು ಐದು ನಿಮಿಷ ಬಿಟ್ಟು ಹಾಕಬೇಕು. ತಂದೆಯ ಕೈ ನಡುಗುತ್ತಿದ್ದರೆ ಅಮ್ಮನೇ ಹಾಕಲಿ.

ಅದೇ ಕಾಲ್‌ನಲ್ಲಿ ಮನೆಯಲ್ಲಿರುವ ಎಲ್ಲ ಕಣ್ಣಿನ ಬಾಟಲಿಗಳನ್ನೂ ತೋರಿಸಲು ಹೇಳಿ. ಟಿಮೊಲಾಲ್ ಎಂದು ಬರೆದಿದ್ದು, ತಂದೆಗೆ ದಮ್ಮು ಅಥವಾ ನಾಡಿ ನಿಧಾನವಾಗುವ ತೊಂದರೆ ಇದ್ದರೆ ಡಾಕ್ಟರಿಗೆ ಕೂಡಲೇ ತಿಳಿಸಿ. ಲ್ಯಾಟಾನೊಪ್ರೋಸ್ಟ್ ಆಗಿದ್ದರೆ ತೆರೆಯದ ಬಾಟಲಿಯನ್ನು ಸಾಮಾನ್ಯವಾಗಿ ಫ್ರಿಜ್‌ನಲ್ಲಿ ಇಡಬೇಕು. ಮನೆಯಲ್ಲಿ ಫ್ರಿಜ್ ಇಲ್ಲವಾದರೆ, ಬೇಸಿಗೆಯಲ್ಲಿ ಕರೆಂಟು ಹೋಗುತ್ತಿರುತ್ತದೆ ಎಂದಾದರೆ ಹೇಳಿ, ಬೇರೆ ಆಯ್ಕೆಗಳಿವೆ. ಕಣ್ಣು ಕೆಂಪಾಗಿದ್ದಾಗ ಮೆಡಿಕಲ್ ಶಾಪ್‌ನವರು ಕೊಟ್ಟ ಯಾವುದೋ ಬಾಟಲಿ ಇದ್ದರೆ ಅದರ ಫೋಟೋ ಕಳಿಸಿ. ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಸ್ಟೀರಾಯ್ಡ್ ಹನಿಯನ್ನು ಚೀಟಿಯಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡು ಪ್ರೆಶರ್ ಏರಿಸಿಕೊಂಡವರನ್ನು, ಅದರಲ್ಲೂ ಅಲರ್ಜಿಯ ತುರಿಕೆಗೆ ಹಾಕಿಸಿಕೊಂಡ ಚಿಕ್ಕ ಮಕ್ಕಳನ್ನು ನೋಡುವಾಗ ಬಹಳ ಸಂಕಟವಾಗುತ್ತದೆ. ಅದು ಪೂರ್ತಿ ತಪ್ಪಿಸಬಹುದಾದ ಕುರುಡು.

ಹನಿಯ ಕಷ್ಟವನ್ನೇ ಕಡಿಮೆ ಮಾಡುವ ತಂತ್ರಜ್ಞಾನವೂ ಇದೆ. ಎಸ್‌ಎಲ್‌ಟಿ ಎಂಬ ಲೇಸರ್. ಕಣ್ಣಿನ ನೀರು ಹೊರಹೋಗುವ ಜರಡಿಯಂಥ ಭಾಗಕ್ಕೆ ತುಂಬ ಕಡಿಮೆ ಶಕ್ತಿಯ ಲೇಸರ್ ಬಿಡುತ್ತಾರೆ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ. ಬ್ರಿಟನ್ನಿನಲ್ಲಿ 718 ರೋಗಿಗಳ ಮೇಲೆ ನಡೆದ ಲೈಟ್ ಎಂಬ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲು ಲೇಸರ್ ಮಾಡಿಸಿಕೊಂಡವರಲ್ಲಿ ಸುಮಾರು 74% ಜನರಿಗೆ ಮೂರು ವರ್ಷವಾದರೂ ಹನಿ ಬೇಕಾಗಲಿಲ್ಲ, ಪ್ರೆಶರ್ ಗುರಿಯೊಳಗೇ ಇತ್ತು. 2022ರಿಂದ ಬ್ರಿಟನ್ನಿನ ಮಾರ್ಗಸೂಚಿಯೇ ಹೊಸ ರೋಗಿಗಳಿಗೆ ಇದನ್ನು ಮೊದಲ ಆಯ್ಕೆಯಾಗಿ ಕೊಡಿ ಎನ್ನುತ್ತದೆ. ಆಗಲೇ ಹನಿ ಹಾಕುತ್ತಿರುವವರಲ್ಲೂ ಒಂದು ಬಾಟಲಿ ಕಡಿಮೆಯಾಗುವ ಸಾಧ್ಯತೆ ಇರುತ್ತದೆ. ಎಲ್ಲರಿಗೂ ಇದು ಹೊಂದುವುದಿಲ್ಲ. ನೀರು ಹೊರಹೋಗುವ ಆ ಮೂಲೆ, ಅಂದರೆ ಕೋನ, ತೆರೆದಿರುವ ಗ್ಲಾಕೋಮಾ ಆಗಿರಬೇಕು. ನಮ್ಮ ದೇಶದಲ್ಲಿ ಕೋನ ಮುಚ್ಚಿಕೊಳ್ಳುವ ಬಗೆಯೂ ಬಹಳ ಇದೆ, ಅದಕ್ಕೆ ಬೇರೆ ಲೇಸರ್ ಇದೆ, ಕೆಲವೊಮ್ಮೆ ಪೊರೆಯ ಆಪರೇಷನ್ನೇ ಚಿಕಿತ್ಸೆ. ನಿಮ್ಮ ತಂದೆಯದು ಯಾವ ಬಗೆ ಎಂದು ಚೀಟಿಯಲ್ಲಿ ಬರೆದಿಲ್ಲದಿದ್ದರೆ ಕೇಳಿ. ಡಾಕ್ಟರು ಕಣ್ಣಿಗೆ ಕನ್ನಡಿಯಿರುವ ಲೆನ್ಸ್ ಇಟ್ಟು ನೋಡುವ ಗೋನಿಯೊಸ್ಕೋಪಿಯಿಂದ ಇದು ಗೊತ್ತಾಗುತ್ತದೆ. ಯಾವ ಹೊಸ ಯಂತ್ರ ಬಂದರೂ ಈ ಪರೀಕ್ಷೆ ಬಿಡುವ ಹಾಗಿಲ್ಲ.

ಫೀಲ್ಡ್ ಟೆಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳಲೇಬೇಕು. ಒಸಿಟಿ ನರದ ದಪ್ಪ ಹೇಳುತ್ತದೆ, ನಿಮ್ಮ ತಂದೆಗೆ ಎಷ್ಟು ಕಾಣುತ್ತಿದೆ ಎಂದು ಹೇಳುವುದು ಫೀಲ್ಡ್ ಟೆಸ್ಟ್. ಕಾಯಿಲೆ ಬಹಳ ಮುಂದುವರಿದ ಮೇಲೆ ಒಸಿಟಿಯ ಅಂಕಿ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ, ಆಗ ಫೀಲ್ಡ್ ಟೆಸ್ಟೇ ಗತಿ. ಯಾರಿಗೂ ಇಷ್ಟವಿಲ್ಲದ ಪರೀಕ್ಷೆ ಇದು. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ಬಟ್ಟಲಿನಂಥ ಬಿಳಿ ಪರದೆಯ ನಡುವಿನ ಚುಕ್ಕೆಯನ್ನೇ ನೋಡುತ್ತಾ, ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಬೇಕು. ಬಸ್ಸಿನಲ್ಲಿ ಬಂದು, ಊಟವಿಲ್ಲದೆ ಎರಡು ಗಂಟೆ ಕಾದ ಹಿರಿಯರು ಅದರ ಮುಂದೆ ಕೂತರೆ ನಿದ್ದೆ ಬರುತ್ತದೆ. ವರದಿ ಕೆಟ್ಟದಾಗಿ ಬರುತ್ತದೆ, ಕಾಯಿಲೆ ಹೆಚ್ಚಾಯಿತೇನೋ ಎಂಬ ಅನುಮಾನ ಹುಟ್ಟುತ್ತದೆ. ಟೆಸ್ಟ್ ಇರುವ ದಿನ ಬೆಳಗ್ಗೆ ಮೊದಲೇ ಮಾಡಿಸಿ, ತಿಂಡಿ ತಿನ್ನಿಸಿ. ಕೆಲವು ಬೆಳಕು ಬೇಕೆಂದೇ ಕಾಣದಷ್ಟು ಮಂದ ಇರುತ್ತವೆ, ಕಾಣದಿದ್ದರೆ ಗಾಬರಿ ಬೇಡ ಎಂದು ಮೊದಲೇ ಹೇಳಿಡಿ. ಕಾಯಿಲೆ ವೇಗವಾಗಿ ಸಾಗುತ್ತಿದೆಯೋ ಎಂದು ತಿಳಿಯಲು ಮೊದಲ ಎರಡು ವರ್ಷದಲ್ಲಿ ಆರು ಫೀಲ್ಡ್ ಟೆಸ್ಟ್ ಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮಲ್ಲಿ ಅಷ್ಟು ಆಗುವುದೇ ಇಲ್ಲ. ಈ ಕೊರತೆ ತುಂಬಲು ತಲೆಗೆ ಹಾಕಿಕೊಳ್ಳುವ ವಿಆರ್ ಕನ್ನಡಕದಂಥ ಫೀಲ್ಡ್ ಯಂತ್ರಗಳು ಬಂದಿವೆ. ಚೆನ್ನೈನ ಎಲಿಸಾರ್ ಕಂಪನಿ ಅಂಥದ್ದೊಂದನ್ನು ಮಾಡಿದೆ. ಕತ್ತಲೆ ಕೋಣೆ ಬೇಡ, ಗಾಲಿ ಕುರ್ಚಿಯಲ್ಲಿದ್ದರೂ ಸರಿ, ಬೆನ್ನು ಬಾಗಿದ್ದರೂ ಸರಿ. ಮೆಲ್ಬರ್ನ್‌ನಲ್ಲಿ ಟ್ಯಾಬ್ಲೆಟ್ ಮೇಲೆ ಮನೆಯಲ್ಲೇ ಮಾಡುವ ಫೀಲ್ಡ್ ಟೆಸ್ಟ್ ಬಂದಿದೆ. ಇವುಗಳ ಮೇಲೆ ನನಗೆ ಹೋಮ್ ಟೋನೋಮೀಟರಿಗಿಂತ ಜಾಸ್ತಿ ಭರವಸೆ. ಸಾಲಿನಲ್ಲಿ ಹೆಚ್ಚು ಅಳತೆ ಸೇರಿದಷ್ಟೂ ನಮ್ಮ ತೀರ್ಮಾನ ಗಟ್ಟಿಯಾಗುತ್ತದೆ.

ಎಐ ಬಗ್ಗೆ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಕಾಯಿಲೆ ಇದೆ ಎಂದು ಗೊತ್ತಿಲ್ಲದವರನ್ನು ಹುಡುಕುವುದು ಒಂದು, ಗೊತ್ತಿರುವವರನ್ನು ನೋಡಿಕೊಳ್ಳುವುದು ಇನ್ನೊಂದು. ನಮ್ಮ ದೇಶದಲ್ಲಿ ಸುಮಾರು 1.1ರಿಂದ 1.2 ಕೋಟಿ ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ಕಾಯಿಲೆ ಸಿಕ್ಕ ಹತ್ತು ಜನರಲ್ಲಿ ಒಂಬತ್ತು ಜನರಿಗೆ ಅದು ಇದೆ ಎಂಬುದೇ ಗೊತ್ತಿರಲಿಲ್ಲ. ಇಲ್ಲಿ ಎಐ ಬೇಕೇ ಬೇಕು. ಬೆಂಗಳೂರಿನ ಫೋರಸ್ ಹೆಲ್ತ್, ರೆಮಿಡಿಯೊ ಕಂಪನಿಗಳು ಕಡಿಮೆ ಬೆಲೆಯ ಕ್ಯಾಮೆರಾ ಮಾಡಿ ಕಣ್ಣಿನ ಹಿಂಭಾಗದ ಫೋಟೋವನ್ನು ಹಳ್ಳಿಗೆ ತಲುಪಿಸಿವೆ. ರೆಮಿಡಿಯೊದ್ದು ಮೊಬೈಲಿಗೆ ಜೋಡಿಸಿದ ಕ್ಯಾಮೆರಾ. ಇಂಟರ್ನೆಟ್ ಇಲ್ಲದೆಯೇ ಅದರ ಎಐ ಫೋಟೋ ಓದಿ ಗ್ಲಾಕೋಮಾ ಅನುಮಾನ ಇದೆಯೋ ಇಲ್ಲವೋ ಹೇಳುತ್ತದೆ. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಆದರೆ ಒಂದು ಲೆಕ್ಕ ಹಾಕಿ ನೋಡಿ. 40 ದಾಟಿದ 1000 ಜನರ ಫೋಟೋ ತೆಗೆದಿರಿ ಎನ್ನಿ. ಅವರಲ್ಲಿ 30 ಜನರಿಗೆ ನಿಜವಾಗಿ ಗ್ಲಾಕೋಮಾ ಇದೆ ಎಂದುಕೊಳ್ಳೋಣ. ಎಐ ಕಾಯಿಲೆ ಇರುವವರಲ್ಲಿ 90% ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ 90% ಜನರನ್ನು ಸರಿಯಾಗಿ ಬಿಡುತ್ತದೆ ಎಂದುಕೊಳ್ಳೋಣ. ಆಗ 27 ಜನ ಸಿಕ್ಕಿದರು, ಒಳ್ಳೆಯದು. ಜೊತೆಗೆ ಕಾಯಿಲೆ ಇಲ್ಲದ 97 ಜನರಿಗೂ "ಅನುಮಾನ ಇದೆ, ದೊಡ್ಡ ಆಸ್ಪತ್ರೆಗೆ ಹೋಗಿ" ಎಂದು ಚೀಟಿ ಬಂತು. ಒಟ್ಟು 124 ಜನ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಅಲ್ಲಿ ಫೀಲ್ಡ್ ಯಂತ್ರ, ಗೋನಿಯೊಸ್ಕೋಪಿ ಮಾಡುವ ಡಾಕ್ಟರು ಇರಬೇಕು. ಕಣ್ಣು ಸರಿಯಾಗಿಯೇ ಕಾಣುತ್ತಿರುವಾಗ ಎಷ್ಟು ಜನ ಹೋಗುತ್ತಾರೆ? ಹೀಗಾಗಿ ಬರೀ ಗ್ಲಾಕೋಮಾಕ್ಕಾಗಿ ಊರೂರು ಕ್ಯಾಂಪ್ ಮಾಡುವುದಕ್ಕಿಂತ, ಶುಗರ್ ಇರುವವರ ರೆಟಿನಾ ನೋಡಲು ಹೇಗೂ ತೆಗೆಯುವ ಫೋಟೋದಲ್ಲೇ ನರದ ತಟ್ಟೆಯನ್ನೂ (ನರ ಕಣ್ಣಿನಿಂದ ಹೊರಡುವ ಜಾಗ) ಎಐಗೆ ಓದಿಸುವುದು, ಗ್ಲಾಕೋಮಾ ಇರುವವರ ಅಣ್ಣ-ತಮ್ಮ, ಅಕ್ಕ-ತಂಗಿ, ಮಕ್ಕಳನ್ನು ಮೊದಲು ಕರೆಸುವುದು ಹೆಚ್ಚು ಫಲ ಕೊಡುವ ದಾರಿ ಎಂದು ನಂಬಿದ್ದೇನೆ.

ಗೊತ್ತಿರುವ ರೋಗಿಗಳ ವಿಷಯದಲ್ಲಿ, ನಮ್ಮಂಥ ಡಾಕ್ಟರುಗಳಿಗೆ ಬೇಕಾಗಿರುವುದು ಎಐಗಿಂತ ಸರಳವಾದದ್ದು. ತುಂಬಿದ ಒಪಿಡಿಯಲ್ಲಿ ಒಬ್ಬ ರೋಗಿಗೆ ಸಿಗುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಪ್ಲಾಸ್ಟಿಕ್ ಕವರಿನಿಂದ ಹತ್ತು ವರದಿ ತೆಗೆದು, ತಾರೀಕು ಹುಡುಕಿ, ಎಡಗಣ್ಣು ಬಲಗಣ್ಣು ಬೇರೆ ಮಾಡಿ ನೋಡಬೇಕು. ಎಲ್ಲ ಪ್ರೆಶರ್, ಎಲ್ಲ ಫೀಲ್ಡ್, ಎಲ್ಲ ಒಸಿಟಿ ಒಂದೇ ಪರದೆಯಲ್ಲಿ ಸಾಲಾಗಿ ಬಂದರೆ ಸಾಕು, ಕಣ್ಣು ಉಳಿಯುತ್ತದೆ. ತಾಂತ್ರಿಕವಾಗಿ ಇದು ಕಷ್ಟವೇ ಅಲ್ಲ. ವೈದ್ಯಕೀಯ ಚಿತ್ರಗಳಿಗೆ ಡೈಕಾಮ್ ಎಂಬ ಎಲ್ಲರಿಗೂ ಒಂದೇ ಆದ ಮಾದರಿ ಇದೆ. ಎಕ್ಸ್‌ರೇ, ಸ್ಕ್ಯಾನ್‌ಗಳಲ್ಲಿ ಅದು ಎಂದೋ ರೂಢಿಗೆ ಬಂದಿದೆ. ಕಣ್ಣಿನ ಯಂತ್ರಗಳಲ್ಲಿ ಮಾತ್ರ ಒಂದು ಕಂಪನಿಯ ಫೈಲನ್ನು ಇನ್ನೊಂದು ತೆರೆಯುವುದಿಲ್ಲ. 2021ರಲ್ಲಿ ಅಮೆರಿಕದ ನೇತ್ರತಜ್ಞರ ಅಕಾಡೆಮಿ ಈ ಮಾದರಿಯನ್ನು ಎಲ್ಲ ಕಂಪನಿಗಳೂ ಪಾಲಿಸಬೇಕು ಎಂದು ಕೇಳಿತು. ನಮ್ಮ ಆಸ್ಪತ್ರೆಗಳೂ ಯಂತ್ರ ಕೊಳ್ಳುವಾಗ ಈ ಷರತ್ತು ಹಾಕಬೇಕು.

ಅಲ್ಲಿಯವರೆಗೆ ಈ ಕೆಲಸ ನಿಮ್ಮದು. ಪ್ರತಿ ಭೇಟಿಯ ನಂತರ ಫೀಲ್ಡ್ ಮತ್ತು ಒಸಿಟಿ ವರದಿಯ ಪಿಡಿಎಫ್ ಕೇಳಿ ಪಡೆಯಿರಿ. ಮಡಚಿದ ಕಾಗದದ ಫೋಟೋ ಓದಲು ಬರುವುದಿಲ್ಲ. ವರ್ಷ-ತಿಂಗಳು-ದಿನ ಎಂದು ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿ ಹಾಕಿ. ಒಂದು ಪುಟದಲ್ಲಿ ತಾರೀಕು, ಎರಡೂ ಕಣ್ಣಿನ ಪ್ರೆಶರ್, ಆಗ ಹಾಕುತ್ತಿದ್ದ ಔಷಧಿ ಬರೆದಿಡಿ. ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಮಾಡಿಸಿದ್ದರೆ, ಆಸ್ಪತ್ರೆ ಅದಕ್ಕೆ ವರದಿ ಜೋಡಿಸುತ್ತದೆಯೇ ಎಂದು ವಿಚಾರಿಸಿ. ವರದಿಯಲ್ಲಿರುವ ಪದಗಳ ಅರ್ಥ ತಿಳಿಯಲು ಚಾಟ್‌ಬಾಟ್ ಬಳಸಿದರೆ ನನ್ನ ತಕರಾರಿಲ್ಲ. ಔಷಧಿ ಬಿಡಬೇಕೋ ಬದಲಿಸಬೇಕೋ ಎಂದು ಮಾತ್ರ ಅದನ್ನು ಕೇಳಬೇಡಿ. ಮೊಬೈಲ್ ಕ್ಯಾಮೆರಾದಿಂದಲೇ ಕಣ್ಣಿನ ಪ್ರೆಶರ್ ನೋಡುತ್ತೇವೆ ಎನ್ನುವ ಆ್ಯಪ್‌ಗಳನ್ನು ನಂಬಬೇಡಿ.

ಹುಬ್ಬಳ್ಳಿಯ ಓಡಾಟ ಕಡಿಮೆ ಮಾಡಬಹುದೇ? ಸ್ವಲ್ಪ ಮಟ್ಟಿಗೆ ಮಾಡಬಹುದು. ಬ್ರಿಟನ್ನಿನಲ್ಲಿ ಸ್ಥಿರವಾಗಿರುವ ಗ್ಲಾಕೋಮಾ ರೋಗಿಗಳ ಎಲ್ಲ ಪರೀಕ್ಷೆಗಳನ್ನು ತಂತ್ರಜ್ಞರೇ ಮಾಡಿ ಮನೆಗೆ ಕಳಿಸುತ್ತಾರೆ. ಡಾಕ್ಟರು ಆಮೇಲೆ ಕೂತು ನೋಡಿ, ತೊಂದರೆ ಇರುವವರನ್ನು ಮಾತ್ರ ಕರೆಸುತ್ತಾರೆ. ಮದುರೈನ ಅರವಿಂದ್ ಆಸ್ಪತ್ರೆ ತಮಿಳುನಾಡಿನ ಹಳ್ಳಿಗಳ ವಿಷನ್ ಸೆಂಟರುಗಳಲ್ಲಿ ವಿಡಿಯೋ ಮೂಲಕ ಡಾಕ್ಟರು ನೋಡುವ ವ್ಯವಸ್ಥೆಯನ್ನು ವರ್ಷಗಳಿಂದ ನಡೆಸುತ್ತಿದೆ. ನಮ್ಮ ದೇಶದಲ್ಲಿ ಟೆಲಿಮೆಡಿಸಿನ್‌ಗೆ 2020ರ ಮಾರ್ಚ್‌ನಲ್ಲಿ ಮಾರ್ಗಸೂಚಿಯೂ ಬಂದಿದೆ. ನಿಮ್ಮ ಡಾಕ್ಟರು ಒಪ್ಪಿದರೆ ಹೀಗೆ ಮಾಡಿ ನೋಡಿ. ಆರು ತಿಂಗಳಿಗೊಮ್ಮೆ ಹುಬ್ಬಳ್ಳಿಯಲ್ಲಿ ಪೂರ್ತಿ ತಪಾಸಣೆ. ನಡುವೆ ಒಂದು ಸಲ ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಕಣ್ಣಿನ ಡಾಕ್ಟರ ಹತ್ತಿರ ಪ್ರೆಶರ್ ಮಾತ್ರ ನೋಡಿಸಿ, ಆ ಅಂಕಿ ಹಿಡಿದು ಹುಬ್ಬಳ್ಳಿಯ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತು. ಕಾಯಿಲೆ ಸ್ಥಿರವಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಕಣ್ಣು ವಿಪರೀತ ನೋವು, ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ವಿಡಿಯೋ ಕಾಲ್ ಬೇಡ, ಅದೇ ರಾತ್ರಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು.

ನೀವು ಕೇಳದೆ ಬಿಟ್ಟದ್ದನ್ನು ಬಹಳ ಜನ ಕೇಳುತ್ತಾರೆ: ನೇತ್ರದಾನದ ಕಣ್ಣು ಹಾಕಿದರೆ ಹೋದ ದೃಷ್ಟಿ ಬರುವುದಿಲ್ಲವೇ? ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ 2021ರಲ್ಲಿ ನಾಲ್ವರಿಗೆ ದೃಷ್ಟಿ ಬಂದದ್ದು ಎಲ್ಲರಿಗೂ ಗೊತ್ತು. ಅಲ್ಲಿ ಕಸಿ ಮಾಡಿದ್ದು ಮುಂಭಾಗದ ಕಾರ್ನಿಯಾವನ್ನು. ಗ್ಲಾಕೋಮಾದಲ್ಲಿ ಹೋಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಅದನ್ನು ಕಸಿ ಮಾಡುವ ವಿದ್ಯೆ ಇನ್ನೂ ಇಲ್ಲ. ಉಳಿದಿರುವುದನ್ನು ಉಳಿಸಿಕೊಳ್ಳುವುದಕ್ಕೇ ಇಷ್ಟೆಲ್ಲ ಪಾಡು.

ಕೊನೆಗೆ ನಿಮ್ಮ ಕಣ್ಣು. ಹೌದು, ತೋರಿಸಲೇಬೇಕು. ತಂದೆಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ. ದೂರ ಕಾಣದೆ ಮೈನಸ್ ಕನ್ನಡಕ ಇದ್ದದ್ದು ಇನ್ನೊಂದು ಕಾರಣ. ಡಾಕ್ಟರ ಮುಂದೆ ಕೂತ ಕೂಡಲೇ ಲೇಸಿಕ್ ಆಗಿದೆ ಎಂದು ಹೇಳಿ. ಲೇಸಿಕ್‌ನಲ್ಲಿ ಕಾರ್ನಿಯಾ ತೆಳ್ಳಗಾಗುತ್ತದೆ. ಆಮೇಲೆ ಪ್ರೆಶರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ನಿಮಗೆ 16 ಬಂದರೂ ನಿಜವಾದದ್ದು ಇನ್ನೂ ಮೇಲಿರಬಹುದು. ಲೇಸಿಕ್‌ಗೆ ಮುಂಚಿನ ಕಾಗದಪತ್ರ ಇದ್ದರೆ ತೆಗೆದುಕೊಂಡು ಹೋಗಿ, ಆಗಿನ ಕಾರ್ನಿಯಾ ದಪ್ಪ, ಆಗಿನ ಪ್ರೆಶರ್, ಎಷ್ಟು ಪವರ್ ಇತ್ತು ಎಲ್ಲ ಅದರಲ್ಲಿರುತ್ತದೆ. ಮೈನಸ್ ಜಾಸ್ತಿ ಇದ್ದ ಕಣ್ಣಿನಲ್ಲಿ ಕಾಯಿಲೆ ಇಲ್ಲದಿದ್ದರೂ ಒಸಿಟಿ ಕೆಂಪು ತೋರಿಸುವುದುಂಟು, ಅದನ್ನು ನೋಡಿ ಹೆದರಬೇಡಿ. ಪಾಪೆ ದೊಡ್ಡದು ಮಾಡುವ ಹನಿ ಹಾಕಿ ನರ ನೋಡಬೇಕು, ಆದ್ದರಿಂದ ಅವತ್ತು ಗಾಡಿ ಓಡಿಸಿಕೊಂಡು ಹೋಗಬೇಡಿ. ನಿಮ್ಮ ಅಣ್ಣ-ತಮ್ಮ, ಅಕ್ಕ-ತಂಗಿ ಇದ್ದರೆ ಅವರಿಗೂ, ತಂದೆಯ ಒಡಹುಟ್ಟಿದವರಿಗೂ ಇದೇ ತಿಂಗಳು ಫೋನ್ ಮಾಡಿ ಹೇಳಿ. ನಿಮಗಿಂತ ಮೊದಲು ತೋರಿಸಬೇಕಾದವರು ನಿಮ್ಮ ಚಿಕ್ಕಪ್ಪ-ಅತ್ತೆಯಂದಿರು.